ಜೀನೋಮಿನಲ್ಲಿ ಕಾಣದ ಹಕ್ಕಿ ಜೀನು: ‘ಕಳೆದುಹೋಗಿದೆ’ ಅಂತ ಬರೆಯಬಹುದಾ?

ಎಳೆಬಿಸಿಲು
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೆಡಿಸ್ಕೊಂಡು ಕೂತಿದೀನಿ, ಅದಕ್ಕೇ ಇಲ್ಲಿ ಕೇಳ್ತಿದೀನಿ.

ಒಂದು ಸಣ್ಣ ಹಾಡುಹಕ್ಕಿಯ ಜೀನೋಮ್ ಇದೆ. ನಮ್ಮ ಲ್ಯಾಬಿನದೇ, ಇಲ್ಯುಮಿನಾ ಯಂತ್ರ ಓದಿಕೊಡೋ 150 ಬೇಸ್‌ಗಳ (ಡಿಎನ್‌ಎ ಅಕ್ಷರಗಳ) ಚಿಕ್ಕ ತುಣುಕುಗಳಿಂದ, ಅಂದ್ರೆ ರೀಡ್‌ಗಳಿಂದ, ಕಟ್ಟಿದ್ದು. ರೋಗನಿರೋಧಕ ವ್ಯವಸ್ಥೆಯ ಒಂದು ಜೀನನ್ನು (ಹೆಸರು ಈಗ ಬೇಡ, ಗೈಡ್ ಬೈತಾರೆ) ಅದರಲ್ಲಿ ಹುಡುಕಿದೆ. ಮನುಷ್ಯ, ಇಲಿ, ಹಲ್ಲಿ, ಮೊಸಳೆ ಎಲ್ಲದರಲ್ಲೂ ಇದೆ. ನಮ್ಮ ಹಕ್ಕಿಯಲ್ಲಿ ಮಾತ್ರ ಇಲ್ಲ. ಬ್ಲಾಸ್ಟ್‌ನಲ್ಲಿ (ಹೋಲುವ ಸರಣಿ ಹುಡುಕೋ ಪ್ರೋಗ್ರಾಮು) ಒಂದೇ ಒಂದು ಹೋಲಿಕೆಯೂ ಸಿಗಲಿಲ್ಲ. ಬುಸ್ಕೋ ಅಂಕ (ಇರಲೇಬೇಕಾದ ಜೀನುಗಳಲ್ಲಿ ಎಷ್ಟು ಸಿಕ್ಕಿವೆ ಅನ್ನೋ ಲೆಕ್ಕ) ಶೇಕಡಾ 96, ಅಂದ್ರೆ ಅಸೆಂಬ್ಲಿ (ರೀಡ್ ಜೋಡಿಸಿ ಕಟ್ಟಿದ ಜೀನೋಮ್) ಚೆನ್ನಾಗೇ ಇದೆ. ಕರಡಿನಲ್ಲಿ ‘ಹಕ್ಕಿಗಳ ವಂಶದಲ್ಲಿ ಈ ಜೀನು ಕಳೆದುಹೋಗಿದೆ’ ಅಂತ ಒಂದು ಸಾಲು ಬರೆದಿದ್ದೆ. ಸೀನಿಯರ್ ಒಬ್ಬರು ಅದರಡಿ ಕೆಂಪು ಗೆರೆ ಎಳೆದು, ‘ಹಕ್ಕಿ ವಿಷಯದಲ್ಲಿ ಹೀಗೆ ಬರೀಬೇಡ’ ಅಂದು ಎದ್ದು ಹೋದ್ರು.

ಹಕ್ಕಿ ವಿಷಯದಲ್ಲೇ ಯಾಕೆ?

ಸುಮ್ನೆ_ಓದುಗ
ಹಾರಿಹೋಗಿರಬೇಕು. ಕ್ಷಮಿಸಿ, ತಡ್ಕೊಳ್ಳೋಕಾಗ್ಲಿಲ್ಲ. ಬಲ್ಲವರು ಬರೋವರೆಗೆ ಇಲ್ಲೇ ಕೂತಿರ್ತೀನಿ.

ಕಡತಹುಳು
ಸೀನಿಯರ್ ಹೇಳಿದ್ದು ಸರಿ. ಕಾರಣ ಹೇಳದೆ ಎದ್ದು ಹೋಗಿದ್ದು ಸರಿಯಲ್ಲ.

ಹಕ್ಕಿಯ ಕ್ರೋಮೋಸೋಮ್‌ಗಳಿಂದಲೇ ಶುರು ಮಾಡೋಣ. ಕೋಳಿಗೆ 39 ಜೊತೆ. ಮೊದಲನೆಯದು ಸುಮಾರು 20 ಕೋಟಿ ಬೇಸ್ ಉದ್ದ, ಮನುಷ್ಯನ ಮೊದಲ ಕ್ರೋಮೋಸೋಮಿಗಿಂತ ಸ್ವಲ್ಪ ಕಡಿಮೆ ಅಷ್ಟೆ. ಹಾಗೇ ಇಳಿಯುತ್ತಾ ಹೋದರೆ ಕೊನೆಯವು 50 ಲಕ್ಷ ಬೇಸ್ ಕೂಡ ಇಲ್ಲ. ಸೂಕ್ಷ್ಮದರ್ಶಕದಲ್ಲಿ ಧೂಳಿನ ಚುಕ್ಕೆಯಂತೆ ಕಾಣುತ್ತವೆ. ಇವೇ ಮೈಕ್ರೋಕ್ರೋಮೋಸೋಮ್‌ಗಳು. ಸಣ್ಣವು ಅಂತ ಖಾಲಿ ಅಂದ್ಕೋಬೇಡಿ, ಜೀನುಗಳು ಅಲ್ಲೇ ಹೆಚ್ಚು ಒತ್ತೊತ್ತಾಗಿ ಕೂತಿವೆ.

ಮೊಟ್ಟೆ ಅಥವಾ ವೀರ್ಯ ತಯಾರಾಗುವಾಗ ಪ್ರತಿ ಜೊತೆಯೂ ಕನಿಷ್ಠ ಒಂದು ಜಾಗದಲ್ಲಿ ತುಂಡು ಅದಲುಬದಲು ಮಾಡಿಕೊಳ್ಳಬೇಕು. ಉದ್ದ ಎಷ್ಟೇ ಇರಲಿ, ಈ ಕನಿಷ್ಠ ಒಂದು ತಪ್ಪುವುದಿಲ್ಲ. ಹೊಲಕ್ಕೆ ನಾಲ್ಕಾರು ಕೊಡ ನೀರು, ಅಂಗೈಯಗಲದ ಪಾತಿಗೂ ಪೂರ್ತಿ ಒಂದು ಕೊಡ. ಪಾತಿ ಸದಾ ಒದ್ದೆ. ಹೀಗೆ ಬೇಸ್ ಲೆಕ್ಕದಲ್ಲಿ ನೋಡಿದರೆ ಮೈಕ್ರೋಕ್ರೋಮೋಸೋಮ್‌ಗಳಲ್ಲಿ ಈ ಅದಲುಬದಲು ವಿಪರೀತ ಹೆಚ್ಚು.

ಅದಲುಬದಲಾದ ಕಡೆ ತಾಯಿಯ ಎಳೆಗೂ ತಂದೆಯ ಎಳೆಗೂ ಅಲ್ಲಲ್ಲಿ ಅಕ್ಷರ ಹೊಂದುವುದಿಲ್ಲ. ಜೀವಕೋಶ ಕೂತು ರಿಪೇರಿ ಮಾಡುತ್ತದೆ. ಆ ರಿಪೇರಿಯಲ್ಲಿ ಒಂದು ಸಣ್ಣ ಪಕ್ಷಪಾತ ಇದೆ: ಒಂದು ಕಡೆ ಎ ಅಥವಾ ಟಿ, ಇನ್ನೊಂದು ಕಡೆ ಜಿ ಅಥವಾ ಸಿ ಇದ್ದರೆ ಜಿ-ಸಿ ಗೆಲ್ಲುವುದು ತುಸು ಜಾಸ್ತಿ. ಒಂದು ತಲೆಮಾರಿನಲ್ಲಿ ಏನೂ ಗೊತ್ತಾಗಲ್ಲ. ಕೋಟ್ಯಂತರ ವರ್ಷ ನಡೆದರೆ ಆ ಜಾಗವೆಲ್ಲ ಜಿ-ಸಿಯಿಂದ ತುಂಬಿಹೋಗುತ್ತದೆ. ಕೋಳಿ ಜೀನೋಮಿನ ಸರಾಸರಿ ಜಿಸಿ (ಜಿ ಮತ್ತು ಸಿ ಅಕ್ಷರಗಳ ಪಾಲು) ಸುಮಾರು ಶೇಕಡಾ 42. ಕಣ್ಣಾಮುಚ್ಚಾಲೆ ಆಡುವ ಜೀನುಗಳಲ್ಲಿ 70 ದಾಟಿರುತ್ತದೆ.

ಗಮನಿಸಿ, ಇದರಿಂದ ಹಕ್ಕಿಗೆ ಲಾಭ ಇರಲೇಬೇಕು ಅಂತೇನಿಲ್ಲ. ರಿಪೇರಿಯವನ ಕೈಚಳಕದ ಪರಿಣಾಮ ಅಷ್ಟೆ. ತೊಂದರೆ ಆಗೋದು ಓದಲು ಹೊರಟ ನಮಗೆ. ಅದನ್ನ ಪಿಪೆಟ್‌ರಾಯರು ಹೇಳಲಿ, ಅವರಿಗೆ ಸಿಟ್ಟು ಜಾಸ್ತಿ ಇದೆ.

ಪಿಪೆಟ್‌ರಾಯ
ಸಿಟ್ಟಲ್ರೀ, ಹೊಟ್ಟಿಯುರಿ. ಮೂರು ತಿಂಗಳು ಒಂದ ಎಕ್ಸಾನ್ (ಜೀನಿನ ಒಂದು ತುಂಡು) ಹಿಂದ ಬಿದ್ದು ಜೆಲ್ ಮ್ಯಾಗ ಒಂದ ಗೆರಿ ಕಾಣಲಾರದ ಕೂತಾಂವ ನಾ.

ಎ-ಟಿ ನಡುವ ಎರಡು ಹೈಡ್ರೋಜನ್ ಬಂಧ, ಜಿ-ಸಿ ನಡುವ ಮೂರು. ಜಿಸಿ 75 ಇದ್ದ ತುಂಡು ಬಿಚ್ಚಬೇಕಂದ್ರ ಬಾಳ ಬಿಸಿ ಬೇಕು. ಬಿಚ್ಚಿದ್ರೂ ಪ್ರೈಮರ್ (ನಕಲು ಶುರು ಮಾಡೋ ಸಣ್ಣ ಎಳಿ) ಬಂದು ಕೂಡೋದ್ರಾಗ ತನ್ನ ಮ್ಯಾಲ ತಾನ ಮಡಚಿಕೊಂಡು ಹೇರ್‌ಪಿನ್ ಆಗಿಬಿಡ್ತದ. ಜಿ ಸಾಲಾಗಿ ಇದ್ರಂತೂ ನಾಲ್ಕು ಎಳಿ ಸೇರಿ ಗಂಟು ಬೀಳ್ತದ, ಜಿ-ಕ್ವಾಡ್ರುಪ್ಲೆಕ್ಸ್ ಅಂತಾರ. ನಕಲು ಮಾಡೋ ಪಾಲಿಮರೇಸ್ ಬಂದು ಗಂಟಿಗೆ ಮುಟ್ಟಿ ನಿಂತುಬಿಡ್ತದ. ಮುಗೀತು.

ಈಗ ನಿಮ್ಮ ಲೈಬ್ರರಿ (ಓದಾಕ ತಯಾರ ಮಾಡಿದ ಡಿಎನ್‌ಎ ತುಂಡುಗಳು) ನೋಡ್ರಿ. ಸೀಕ್ವೆನ್ಸರಿಗೆ ಕೊಡೂಕಿಂತ ಮೊದಲ ಪಿಸಿಆರ್ ಮಾಡಿರ್ತೀರಿ, ಅಂದ್ರ ತುಂಡುಗಳ ನಕಲು ತಗದಿರ್ತೀರಿ. ಸುಲಭದ ತುಂಡು ಪ್ರತಿ ಸುತ್ತಿನ್ಯಾಗ ಎರಡು ಪಟ್ಟು ಆಗ್ತದ. ಬಿಗಿ ತುಂಡು 1.6 ಪಟ್ಟು ಆಗ್ತದ ಅಂತ ಲೆಕ್ಕಕ್ಕ ಇಟ್ಟುಕೊಳ್ರಿ. ಹತ್ತು ಸುತ್ತು ಆದ ಮ್ಯಾಲ ಅದು 1024, ಇದು 110. ಒಂಬತ್ತು ಪಟ್ಟು ಫರಕು, ಇಬ್ಬರೂ ಸಮ ಸಮ ಶುರು ಮಾಡಿದ್ರೂ! ಅಲ್ಲಿಗೂ ಮುಗಿಯಂಗಿಲ್ಲ. ಇಲ್ಯುಮಿನಾದ ಗಾಜಿನ ಹಾಳಿ ಮ್ಯಾಲ ಕ್ಲಸ್ಟರ್ ಬೆಳಸೂ ಮುಂದ ಮತ್ತ ನಕಲು ಮಾಡಬೇಕು, ಮತ್ತ ಅದ ಹಾಡು.

ಜೀನೋಮ್ ತುಂಬ ಸರಾಸರಿ 50 ಪಟ್ಟು ಕವರೇಜ್ (ಪ್ರತಿ ಅಕ್ಷರ 50 ಸಲ ಓದಿದ್ದು) ಇದ್ದರೂ ಆ ಜೀನಿನ ಮ್ಯಾಲ ಒಂದೋ ಎರಡೋ ರೀಡ್ ಇರ್ತಾವ.

ಕಡತಹುಳು
ಅಲ್ಲಿಂದ ಮುಂದಿನ ಪಾಪ ನಮ್ಮದು. ಆ ಒಂದೆರಡು ರೀಡ್‌ಗಳನ್ನ ಅಸೆಂಬ್ಲರ್ ನೋಡಿ, ‘ಉಳಿದದ್ದೆಲ್ಲ 50 ಸಲ ಕಾಣ್ತಿದೆ, ಇದು ಎರಡೇ ಸಲ, ಯಂತ್ರದ ತಪ್ಪಿರಬೇಕು’ ಅಂತ ಎತ್ತಿ ಎಸೆಯುತ್ತದೆ. ಅದರ ಪ್ರೋಗ್ರಾಮೇ ಹಾಗೆ, ಕಡಿಮೆ ಸಲ ಕಂಡ ತುಣುಕು ಅಂದ್ರೆ ದೋಷ. ಜೀನು ಟ್ಯೂಬಿನಲ್ಲಿತ್ತು, ಕಚ್ಚಾ ಕಡತದಲ್ಲೂ ಇತ್ತು, ಅಸೆಂಬ್ಲಿಯಲ್ಲಿ ಇಲ್ಲ.

ಬ್ಲಾಸ್ಟ್ ಬಗ್ಗೆ ಒಂದು ಮಾತು. ಜಿಸಿ ಏರಿದಾಗ ಪ್ರೋಟೀನ್ ಕೂಡ ಬದಲಾಗುತ್ತದೆ. ಗ್ಲೈಸಿನ್, ಅಲನಿನ್, ಆರ್ಜಿನಿನ್, ಪ್ರೋಲಿನ್, ಈ ನಾಲ್ಕು ಅಮೈನೋ ಆಮ್ಲಗಳ ಕೋಡಾನ್‌ಗಳಲ್ಲಿ (ಮೂರಕ್ಷರದ ಸಂಕೇತಗಳಲ್ಲಿ) ಜಿ-ಸಿ ಜಾಸ್ತಿ, ಹಾಗಾಗಿ ಪ್ರೋಟೀನ್ ಆ ಕಡೆಗೆ ವಾಲುತ್ತದೆ. ಮನುಷ್ಯನ ಪ್ರೋಟೀನ್ ಹಿಡಿದು ಹುಡುಕಿದರೆ ಹೋಲಿಕೆ ಸಿಗೋದೇ ಕಷ್ಟ. ಸಾಲದ್ದಕ್ಕೆ ಬ್ಲಾಸ್ಟ್‌ನಲ್ಲಿ ‘ಸರಳ ಸರಣಿ’ಗಳನ್ನು ಮುಚ್ಚಿಡುವ ಫಿಲ್ಟರ್ ಇರುತ್ತದೆ. ಜಿಜಿಸಿಜಿಜಿಸಿ ಅಂತ ಒಂದೇ ರಾಗ ಎಳೆಯುವ ಭಾಗಗಳನ್ನ ಅದು ಹುಡುಕಾಟದಿಂದಲೇ ತೆಗೆದುಹಾಕಬಹುದು. ಫಿಲ್ಟರ್ ಆಫ್ ಮಾಡಿ ಹುಡುಕಿದ್ರಾ?

ಎಳೆಬಿಸಿಲು
ಇಲ್ಲ ಸರ್... ಫಿಲ್ಟರ್ ಇದೆ ಅಂತಲೇ ಗೊತ್ತಿರಲಿಲ್ಲ. ಆದ್ರೆ ಬುಸ್ಕೋ 96 ಇದೆಯಲ್ಲ? ನಾಲ್ಕೇ ಶೇಕಡಾ ತಾನೇ ತಪ್ಪಿರೋದು?

ಕಡತಹುಳು
ಈ ಪ್ರಶ್ನೆಗೆ ಕಾಯ್ತಿದ್ದೆ. ಬುಸ್ಕೋ ಪಟ್ಟಿಗೆ ಸೇರೋ ಜೀನುಗಳು ಯಾವುವು? ಆ ಗುಂಪಿನ ಹೆಚ್ಚುಕಮ್ಮಿ ಎಲ್ಲ ಪ್ರಭೇದಗಳ ಜೀನೋಮ್‌ಗಳಲ್ಲೂ ಆಗಲೇ ಸಿಕ್ಕಿರುವಂಥವು. ಹಳೆಯ ಹಕ್ಕಿ ಜೀನೋಮ್‌ಗಳಲ್ಲಿ ಸಿಗದ ಜೀನು ಆ ಪಟ್ಟಿಗೆ ಬರೋದೇ ಇಲ್ಲ. ತರಗತಿಗೆ ಬಂದವರ ಹಾಜರಿ ಮಾತ್ರ ಕೂಗಿ ‘ಎಲ್ಲರೂ ಬಂದಿದ್ದಾರೆ’ ಅಂದಹಾಗೆ. ಬೇರೆ ಕೆಲಸಕ್ಕೆ ಬುಸ್ಕೋ ಒಳ್ಳೆಯದೇ. ಈ ಪ್ರಶ್ನೆಗೆ ಮಾತ್ರ ಅದು ಸಾಕ್ಷಿ ಅಲ್ಲ.

ಗರಿಬರಹ
ತಡವಾಗಿ ಬಂದೆ. ಲೆಪ್ಟಿನ್ ಕಥೆ ಯಾರೂ ಹೇಳಿಲ್ಲವಲ್ಲ! ಹಕ್ಕಿ ಜೀನೋಮ್ ಓದೋರೆಲ್ಲ ಒಮ್ಮೆ ಕೇಳಲೇಬೇಕಾದ ಕಥೆ.

1994ರಲ್ಲಿ ಇಲಿಯಲ್ಲಿ ಲೆಪ್ಟಿನ್ ಜೀನು ಸಿಕ್ಕಿತು, ಹಸಿವು ಮತ್ತು ಕೊಬ್ಬಿನ ಲೆಕ್ಕ ಇಡುವ ಹಾರ್ಮೋನು. ಕೋಳಿಯಲ್ಲಿ ಅದು ಇದ್ದರೆ ಎಷ್ಟು ಜನಕ್ಕೆ ಬೇಕು ಹೇಳಿ. 1998ರಲ್ಲಿ ‘ಕೋಳಿ ಲೆಪ್ಟಿನ್ ಸಿಕ್ಕಿತು’ ಅಂತ ಪ್ರಬಂಧ ಬಂತು. ಅದು ಇಲಿಯ ಲೆಪ್ಟಿನ್‌ಗೆ ಸುಮಾರು ಶೇಕಡಾ 95 ಹೋಲುತ್ತಿತ್ತು. ಕೋಳಿಗೂ ಇಲಿಗೂ 30 ಕೋಟಿ ವರ್ಷಕ್ಕೂ ಹೆಚ್ಚಿನ ಅಂತರ. ಅಷ್ಟು ಹೋಲಿಕೆ ಸಾಧ್ಯವೇ, ಟ್ಯೂಬಿಗೆ ಇಲಿಯ ಡಿಎನ್‌ಎ ಸೇರಿಬಿಟ್ಟಿರಬಹುದಲ್ಲ ಅಂತ ಮರುವರ್ಷವೇ ತಕರಾರು ಎದ್ದಿತು. 2004ರಲ್ಲಿ ಕೋಳಿಯ ಜೀನೋಮ್ ಬಂದಾಗ ಅದರಲ್ಲಿ ಲೆಪ್ಟಿನ್ ಇರಲೇ ಇಲ್ಲ. ಆದರೆ ಲೆಪ್ಟಿನ್‌ನ ಗ್ರಾಹಕ ಪ್ರೋಟೀನ್ ಕೋಳಿಯಲ್ಲಿ ಚೆನ್ನಾಗೇ ಇತ್ತು. ಬೀಗ ಇದೆ, ಕೀಲಿಕೈ ಇಲ್ಲ! ಹಾಗಾದರೆ ಹಕ್ಕಿಗಳು ಲೆಪ್ಟಿನ್ ಕಳೆದುಕೊಂಡಿವೆ ಅಂತ ಒಂದು ಗುಂಪು, ಇದೆ ಅಂತ ಇನ್ನೊಂದು ಗುಂಪು.

2014ರಲ್ಲಿ ಜೀಬ್ರಾ ಫಿಂಚ್, ಪೆರೆಗ್ರಿನ್ ಡೇಗೆ, ಪಾರಿವಾಳಗಳಲ್ಲಿ ಅದು ಸಿಕ್ಕಿತು. 2016ರಲ್ಲಿ ಕೊನೆಗೂ ಕೋಳಿಯಲ್ಲಿ, ಬಾತುಕೋಳಿಯಲ್ಲಿ. ಜಿಸಿ ವಿಪರೀತ, ಇಲಿಯದಕ್ಕೆ ಹೋಲಿಕೆ ತೀರ ಕಡಿಮೆ. ಎಲ್ಲರೂ ಕೊಬ್ಬಿನಲ್ಲಿ ಹುಡುಕುತ್ತಿದ್ದರು, ಅದೋ ಮೆದುಳು ಮುಂತಾದ ಬೇರೆಡೆ ಕೆಲಸ ಮಾಡಿಕೊಂಡಿತ್ತು. 18 ವರ್ಷದ ಜಗಳ ಮುಗಿಯಿತು: 1998ರವರು ‘ಇದೆ’ ಅಂದಿದ್ದು ನಿಜ, ತೋರಿಸಿದ್ದು ಮಾತ್ರ ಬೇರೆಯದು.

ಇದೊಂದೇ ಅಲ್ಲ. ಉರಿಯೂತದ ಮುಖ್ಯ ಸಂದೇಶವಾಹಕ ಟಿಎನ್‌ಎಫ್-ಆಲ್ಫಾ ಕೂಡ ಕೋಳಿಯಲ್ಲಿ ಇಲ್ಲ ಅಂತಲೇ ಬಹಳ ವರ್ಷ ಅಂದುಕೊಂಡಿದ್ದರು. 2018ರಲ್ಲಿ ಸಿಕ್ಕಿತು.

ತಕರಾರು_ತಿಮ್ಮ
ಒಂದು ನಿಮಿಷ. ಹೀಗೇ ಹೇಳ್ತಾ ಹೋದ್ರೆ ಹಕ್ಕಿಗಳಲ್ಲಿ ಯಾವ ಜೀನೂ ಕಳೆದೇ ಹೋಗಿಲ್ಲ, ಎಲ್ಲ ಜಿಸಿ ಪರದೆ ಹಿಂದೆ ಅಡಗಿವೆ ಅಂತಾಗತ್ತೆ. ಯಾರೇ ‘ಇಲ್ಲ’ ಅಂದ್ರೂ ‘ನೀವು ಸರಿಯಾಗಿ ನೋಡಿಲ್ಲ’ ಅನ್ನಬಹುದು. ಇದು ವಿಜ್ಞಾನವೋ ದೆವ್ವದ ಕಥೆಯೋ?

ಗರಿಬರಹ
ತಿಮ್ಮಣ್ಣ, ತಕರಾರು ನ್ಯಾಯವಾದದ್ದೇ. 2014ರಲ್ಲೇ ಒಂದು ದೊಡ್ಡ ಪಟ್ಟಿ ಬಂದಿತ್ತು: 274 ಜೀನುಗಳು ಹಕ್ಕಿಗಳಲ್ಲಿ ಇಲ್ಲ, ಅವೂ ಅಕ್ಕಪಕ್ಕದವು ಗುಂಪುಗುಂಪಾಗಿ ಇಲ್ಲ ಅಂತ. ಮರುವರ್ಷವೇ ‘ಇವು ಕಳೆದಿಲ್ಲ, ಅಡಗಿವೆ’ ಅನ್ನುವ ಉತ್ತರ ಬಂತು. 2017ರಲ್ಲಿ ಕೋಳಿಯ ಆರ್‌ಎನ್‌ಎ ರೀಡ್‌ಗಳನ್ನ ಹೊಸದಾಗಿ ಜೋಡಿಸಿ ನೋಡಿದವರಿಗೆ ಆ ಪಟ್ಟಿಯ ಅರ್ಧದಷ್ಟು ಸಿಕ್ಕವು. ಎಲ್ಲವೂ ಸಿಗಲಿಲ್ಲ ಅನ್ನೋದನ್ನೂ ಗಮನಿಸಿ.

ನಿಜವಾಗಿ ಕಳೆದುಹೋದವೂ ಇವೆ. ಹಲ್ಲಿನ ಎನಾಮೆಲ್ ಕಟ್ಟುವ ಜೀನುಗಳನ್ನ ತಗೊಳ್ಳಿ. 2014ರಲ್ಲಿ 48 ಹಕ್ಕಿಗಳ ಜೀನೋಮ್ ಹೋಲಿಸಿದಾಗ ಅವುಗಳ ಮುರಿದ ಅವಶೇಷ ಸಿಕ್ಕಿತು. ಎಲ್ಲ ಹಕ್ಕಿಗಳಲ್ಲೂ ಒಂದೇ ಜಾಗದಲ್ಲಿ ಒಂದೇ ಬಗೆಯ ಮುರಿತಗಳಿದ್ದವು. ಸುಮಾರು 11.6 ಕೋಟಿ ವರ್ಷದ ಹಿಂದೆ, ಅವುಗಳ ಸಾಮಾನ್ಯ ಪೂರ್ವಜನಲ್ಲೇ ಆಗಿದ್ದು. ಇದು ಹೆಣ ಸಿಕ್ಕ ಕೇಸು. ಸಿಹಿ ಗುರುತಿಸುವ ಟಿ1ಆರ್2 ಗ್ರಾಹಕವೂ ಹಾಗೆಯೇ ಹೋಗಿದೆ. ಝೇಂಕಾರದ ಹಕ್ಕಿಗಳು (ಹಮ್ಮಿಂಗ್‌ಬರ್ಡ್) ಹೂವಿನ ಸಿಹಿ ಕಂಡುಕೊಂಡದ್ದು ಖಾರ-ಉಪ್ಪಿನ ದಾರಿಯಲ್ಲಲ್ಲ, ಮಾಂಸದ ರುಚಿ ಅಂತೀವಲ್ಲ, ಉಮಾಮಿ, ಆ ಗ್ರಾಹಕವನ್ನೇ ತಿದ್ದಿಕೊಂಡು. ಮತ್ತೆ ಆರ್‌ಐಜಿ-1: ವೈರಸ್ಸಿನ ಆರ್‌ಎನ್‌ಎ ಹಿಡಿಯುವ ಕಾವಲುಗಾರ. ಬಾತುಕೋಳಿಯಲ್ಲಿದೆ, ಕೋಳಿಯಲ್ಲಿಲ್ಲ. ಹಕ್ಕಿಜ್ವರದ ವೈರಸ್ಸನ್ನು ಕೋಳಿಗಿಂತ ಬಾತುಕೋಳಿ ಚೆನ್ನಾಗಿ ತಾಳಿಕೊಳ್ಳುವುದಕ್ಕೆ ಅದೂ ಒಂದು ಕಾರಣ ಅಂತ 2010ರಿಂದ ಚರ್ಚೆ ಇದೆ.

ಹೆಣ ಸಿಗದಿದ್ದರೆ ನೆರೆಮನೆ ನೋಡಿ. ಜೀನಿನ ಎಡದವರೂ ಬಲದವರೂ ಒಂದೇ ಕಾಂಟಿಗ್ (ಉದ್ದಕ್ಕೆ ಜೋಡಿಸಿದ ತುಂಡು) ಮೇಲೆ, ನಡುವೆ ಒಂದೂ ಎನ್ (ಗೊತ್ತಾಗದ ಅಕ್ಷರದ ಗುರುತು) ಇಲ್ಲದೆ, ಗಟ್ಟಿಯಾಗಿ ಕೂತಿದ್ದು ಮಧ್ಯದ ಮನೆ ಮಾತ್ರ ಇಲ್ಲದಿದ್ದರೆ ಅದು ನಿಜವಾದ ನಷ್ಟ ಇರಬಹುದು. ಇಡೀ ಬೀದಿಯೇ ಕಾಣುತ್ತಿಲ್ಲವಾದರೆ ಬೀದಿ ಕಳೆದಿದೆ ಅನ್ನೋದಕ್ಕಿಂತ ನಿಮ್ಮ ನಕ್ಷೆ ಹರಿದಿದೆ ಅನ್ನೋದೇ ಹೆಚ್ಚು ಸಂಭವ.

ತಕರಾರು_ತಿಮ್ಮ
ಇದನ್ನ ಒಪ್ಕೋತೀನಿ. ಹೆಣ ಅಥವಾ ನೆರೆಮನೆ, ಎರಡರಲ್ಲಿ ಒಂದಾದರೂ ತೋರಿಸಿ ಅಂತ.

ಸುಮ್ನೆ_ಓದುಗ
ಗೊತ್ತಿಲ್ಲದವನ ಪ್ರಶ್ನೆ. ಡಿಎನ್‌ಎ ಎಲ್ಲ ಜೀವಕೋಶದಲ್ಲೂ ಒಂದೇ ಅಲ್ವಾ? ಒಂದು ಹನಿ ರಕ್ತ ತಗೊಂಡು ಓದಿದ್ರೆ ಇಡೀ ಹಕ್ಕಿ ಓದಿದಹಾಗೆ ತಾನೇ?

ಗರಿಬರಹ
ಹಕ್ಕಿ ರಕ್ತ ನಮಗೆಲ್ಲ ಪ್ರಿಯ, ಯಾಕಂದ್ರೆ ಅವುಗಳ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇರುತ್ತದೆ. ನಮ್ಮದರಲ್ಲಿ ಇಲ್ಲ. ಒಂದು ಹನಿಯಲ್ಲೇ ಬೇಕಾದಷ್ಟು ಡಿಎನ್‌ಎ.

ಆದರೆ ‘ಎಲ್ಲದರಲ್ಲೂ ಒಂದೇ’ ಅನ್ನೋದು ಹಾಡುಹಕ್ಕಿಗಳ ಮಟ್ಟಿಗೆ ಸುಳ್ಳು! 1998ರಲ್ಲಿ ಜೀಬ್ರಾ ಫಿಂಚ್‌ನ ವೃಷಣ, ಅಂಡಾಶಯದ ಜೀವಕೋಶಗಳಲ್ಲಿ ಒಂದು ಹೆಚ್ಚುವರಿ ಕ್ರೋಮೋಸೋಮ್ ಕಂಡಿತು. ರಕ್ತದಲ್ಲಿ ಇಲ್ಲ, ಸ್ನಾಯುವಿನಲ್ಲಿ ಇಲ್ಲ, ಮೆದುಳಿನಲ್ಲೂ ಇಲ್ಲ. ಭ್ರೂಣ ಬೆಳೆಯುವಾಗ ಮೈಯ ಉಳಿದ ಜೀವಕೋಶಗಳು ಅದನ್ನ ಹೊರಹಾಕುತ್ತವೆ. ಜೀಬ್ರಾ ಫಿಂಚ್‌ನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಕ್ರೋಮೋಸೋಮ್! 2019ರಲ್ಲಿ ಪರೀಕ್ಷಿಸಿದ ಹಾಡುಹಕ್ಕಿಗಳೆಲ್ಲದರಲ್ಲೂ ಅಂಥದ್ದು ಸಿಕ್ಕಿತು, ಅದೇ ವರ್ಷ ಜೀಬ್ರಾ ಫಿಂಚ್‌ನದರ ಮೇಲೆ 115 ಜೀನುಗಳನ್ನ ಗುರುತಿಸಿದರು. ರಕ್ತದ ಡಿಎನ್‌ಎಯನ್ನ ಎಷ್ಟೇ ದುಬಾರಿ ಯಂತ್ರದಲ್ಲಿ ಓದಿ, ಇವು ಕಾಣುವುದಿಲ್ಲ. ಅಲ್ಲಿ ಅವು ಇಲ್ಲವೇ ಇಲ್ಲ.

ಲಿಂಗದ್ದೂ ಇದೇ ಗೋಳು. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್, ಹೆಣ್ಣಿಗೆ ಝಡ್ ಮತ್ತು ಡಬ್ಲ್ಯು. 2010ರ ಜೀಬ್ರಾ ಫಿಂಚ್ ಜೀನೋಮ್ ಗಂಡಿನದು, ಅದರಲ್ಲಿ ಡಬ್ಲ್ಯು ಎಲ್ಲಿಂದ ಬರಬೇಕು? ಹೆಣ್ಣನ್ನು ಓದಿದರೆ ಝಡ್, ಡಬ್ಲ್ಯು ಎರಡರ ಮೇಲೂ ಕವರೇಜ್ ಅರ್ಧ, ಡಬ್ಲ್ಯು ಮೇಲಂತೂ ಪುನರಾವರ್ತನೆಗಳ ಕಾಡು.

ಸುಮ್ನೆ_ಓದುಗ
ಮೈಯಿಂದ ಕ್ರೋಮೋಸೋಮ್ ಹೊರಹಾಕೋದಾ! ಪ್ರಶ್ನೆ ಕೇಳಿದ್ದಕ್ಕೆ ನಿದ್ದೆ ಹೋಯ್ತು.

ಹರಿಗೋಲು
ನಡುವೆ ಬಾಯಿ ಹಾಕ್ತೇನೆ. ಕಾಣೆಯಾಗೋದಕ್ಕೆ ಇನ್ನೊಂದು ದಾರಿ ಉಂಟು ಮಾರಾಯ್ರೆ, ಅದು ಜಿಸಿಗೆ ಸಂಬಂಧವೇ ಇಲ್ಲದ್ದು. ಹಾಡುಹಕ್ಕಿಗಳ ಎಂಎಚ್‌ಸಿ ಜೀನುಗಳು (ರೋಗನಿರೋಧಕ ವ್ಯವಸ್ಥೆಯವು), ವಾಸನೆ ಗ್ರಹಿಸುವ ಜೀನುಗಳು ಒಂದಕ್ಕೊಂದು ಅಚ್ಚೊತ್ತಿದ ಹಾಗೆ ಹತ್ತಾರು ನಕಲು ಇರುತ್ತವೆ. 150 ಬೇಸ್ ರೀಡ್‌ಗೆ ಅವು ಬೇರೆ ಬೇರೆ ಅಂತ ಗೊತ್ತಾಗೋದು ಹೇಗೆ? ಎಲ್ಲ ಒಂದರ ಮೇಲೊಂದು ಬಿದ್ದು ಒಂದೇ ಜೀನಾಗಿ ಕೂತಿರುತ್ತದೆ. ಹಕ್ಕಿಗೆ ಮೂಗು ಮಂದ ಅಂತ ಜೀನಿನ ಎಣಿಕೆ ನೋಡಿ ತೀರ್ಮಾನಿಸಿದವರು, ಉದ್ದ ರೀಡ್‌ಗಳ ಜೀನೋಮ್ ಬಂದ ಮೇಲೆ ಎಣಿಕೆ ತಿದ್ದಬೇಕಾಯ್ತು.

ಎಂಎಚ್‌ಸಿಯಲ್ಲಿ ಹೀಗೆ ಕುಸಿದ ಜಾಗ ಕವರೇಜ್ ಗ್ರಾಫಿನಲ್ಲಿ ದಿಬ್ಬದ ಹಾಗೆ ಕಾಣುತ್ತದೆ. ಜಿಸಿ ಜೀನು ಹೊಂಡದ ಹಾಗೆ. ಎಳೆಬಿಸಿಲು, ಗ್ರಾಫ್ ಒಮ್ಮೆ ನೋಡಿ, ಖರ್ಚಿಲ್ಲದ ಕೆಲಸ.

ತಕರಾರು_ತಿಮ್ಮ
ಉದ್ದ ರೀಡ್ ಅಂದ್ರಲ್ಲ. ಉದ್ದ ರೀಡ್ ಓದೋ ಪ್ಯಾಕ್‌ಬಯೋ, ನ್ಯಾನೋಪೋರ್ ಯಂತ್ರ ಬಂದಾಯ್ತು, ಪಿಸಿಆರೇ ಬೇಡ. ಅಂದಮೇಲೆ ಈ ಇಡೀ ಚರ್ಚೆ ಹಳೇ ಕಾಲದ್ದಲ್ವಾ?

ಕಡತಹುಳು
ಬಹುಪಾಲು ಹೌದು. ಕಶೇರುಕಗಳ ಜೀನೋಮ್ ಯೋಜನೆಯವರು ಜೀಬ್ರಾ ಫಿಂಚ್ ಮತ್ತು ಇನ್ನು ಕೆಲವು ಪ್ರಾಣಿಗಳನ್ನ ಉದ್ದ ರೀಡ್‌ಗಳಲ್ಲಿ ಮತ್ತೆ ಕಟ್ಟಿ ಹಳೆಯದರ ಜೊತೆ ಹೋಲಿಸಿದರು. 2022ರಲ್ಲಿ ಬಂದ ಲೆಕ್ಕದ ಪ್ರಕಾರ ಹಳೆಯ ಅಸೆಂಬ್ಲಿಗಳಲ್ಲಿ ಜೀನೋಮಿನ ಶೇಕಡಾ 11ರವರೆಗೂ ಭಾಗ ಪೂರ್ತಿ ಬಿಟ್ಟುಹೋಗಿತ್ತು. ಫಿಂಚ್ ಒಂದರಲ್ಲೇ ಎಂಟು ಹೊಸ ಮೈಕ್ರೋಕ್ರೋಮೋಸೋಮ್‌ಗಳು ಕಂಡವು. ಹೆಚ್ಚು ಪೆಟ್ಟು ಬಿದ್ದಿದ್ದು ಜೀನಿನ ಆರಂಭಕ್ಕೆ, ಅಂದರೆ ಪ್ರೊಮೋಟರ್ (ಜೀನನ್ನ ಚಾಲೂ ಮಾಡುವ ಭಾಗ) ಮತ್ತು ಮೊದಲ ಎಕ್ಸಾನ್‌ಗೆ. ಅಲ್ಲಿ ಜಿಸಿ ಜಾಸ್ತಿ. 2023ರಲ್ಲಿ ಕೋಳಿಯ ಹೆಚ್ಚುಕಡಿಮೆ ಪೂರ್ಣ ಜೀನೋಮ್ ಬಂತು, ಚುಕ್ಕೆಯಂಥ ಕ್ರೋಮೋಸೋಮ್‌ಗಳು ಆಗ ಓದಿಗೆ ದಕ್ಕಿದವು. 2004ರಿಂದ ಲೆಕ್ಕ ಹಾಕಿ, ಹತ್ತೊಂಬತ್ತು ವರ್ಷ. ಅದೂ ಜಗತ್ತಿನಲ್ಲಿ ಅತಿ ಹೆಚ್ಚು ಅಧ್ಯಯನ ಆದ ಹಕ್ಕಿಗೆ.

ಆದರೂ ಉದ್ದ ರೀಡ್ ಮಂತ್ರದಂಡ ಅಲ್ಲ. ಪ್ಯಾಕ್‌ಬಯೋ ಹೈಫೈನಲ್ಲಿ ಜಿ-ಎ ಸಾಲು ಸಾಲಾಗಿ ಬಂದ ಕಡೆ ಕವರೇಜ್ ಕುಸಿಯುತ್ತದೆ, ಮನುಷ್ಯನ ಪೂರ್ಣ ಜೀನೋಮ್ ಕಟ್ಟಿದವರಿಗೇ ಅದು ಕಾಟ ಕೊಟ್ಟಿತ್ತು. ಮತ್ತೆ, ಸಾರ್ವಜನಿಕ ಸಂಗ್ರಹದಲ್ಲಿ ಚಿಕ್ಕ ರೀಡ್‌ಗಳ ಹಕ್ಕಿ ಜೀನೋಮ್‌ಗಳು ರಾಶಿ ಬಿದ್ದಿವೆ. ಜನ ಇವತ್ತಿಗೂ ಅವನ್ನೇ ಇಳಿಸಿಕೊಂಡು ‘ಈ ಜೀನು ಇಲ್ಲ’ ಅಂತ ಕೋಷ್ಟಕ ತುಂಬುತ್ತಾರೆ. ಈ ಚರ್ಚೆ ಶುರುವಾಗಿದ್ದೂ ಚಿಕ್ಕ ರೀಡ್‌ಗಳ ಜೀನೋಮಿನಿಂದಲೇ ಅಲ್ವಾ?

ಎಳೆಬಿಸಿಲು
ಮಾತು ನೇರವಾಗಿ ನನಗೇ ತಗುಲಿತು. ಈಗ ನಾನು ಏನು ಮಾಡಲಿ, ಹೊಸ ಸೀಕ್ವೆನ್ಸಿಂಗ್‌ಗೆ ದುಡ್ಡಿಲ್ಲ.

ಕಡತಹುಳು
ದುಡ್ಡು ಬೇಡ. ಅಸೆಂಬ್ಲಿ ಬಿಡಿ, ಕಚ್ಚಾ ರೀಡ್‌ಗಳಲ್ಲೇ ಹುಡುಕಿ. ಮನುಷ್ಯನ ಪ್ರೋಟೀನ್ ಬದಲು ಮೊಸಳೆ, ಆಮೆ, ಸಿಕ್ಕಿದ್ದರೆ ಬೇರೆ ಹಕ್ಕಿಯದು, ಎಲ್ಲ ಸೇರಿಸಿ ಎಚ್‌ಎಂಎಂ ಪ್ರೊಫೈಲ್ (ಎಲ್ಲಕ್ಕೂ ಸಾಮಾನ್ಯವಾದ ಮಾದರಿ) ಮಾಡಿ ಹುಡುಕಿ. ಫಿಲ್ಟರ್ ಆಫ್. ಆರ್‌ಎನ್‌ಎ ಡೇಟಾ ಇದ್ದರೆ ಅದನ್ನ ಜೀನೋಮಿಗೆ ಕೂರಿಸಬೇಡಿ. ಜೀನೋಮಿನಲ್ಲೇ ಇಲ್ಲದ್ದು ಎಲ್ಲಿ ಕೂರಬೇಕು? ಹೊಸದಾಗಿ ಜೋಡಿಸಿ. ಯಾವ ಅಂಗಾಂಶ ಅನ್ನೋದೂ ನೋಡ್ಕೊಳ್ಳಿ, ಲೆಪ್ಟಿನ್ ಕಥೆ ನೆನಪಿರಲಿ. ಕೊನೆಗೆ ಹತ್ತಿರದ ಯಾವುದಾದರೂ ಪ್ರಭೇದದ ಉದ್ದ ರೀಡ್ ಜೀನೋಮ್ ತೆಗೆದು ನೆರೆಮನೆ ಪರೀಕ್ಷೆ.

ಸಿಕ್ಕಿದ್ದು ಇಲಿಗೆ 95 ಹೋಲಿದರೆ ಮಾತ್ರ ಸಂಭ್ರಮ ಪಡಬೇಡಿ.

ಎಳೆಬಿಸಿಲು
ಹನ್ನೊಂದು ದಿನ ಆದ್ಮೇಲೆ ಬರ್ತಿದೀನಿ. ಸಿಕ್ತು!! ಪೂರ್ತಿ ಅಲ್ಲ, ಆದ್ರೂ ಸಿಕ್ತು.

ಕಚ್ಚಾ ರೀಡ್‌ಗಳಲ್ಲಿ ಮೂರು. ಇಡೀ ಜೀನೋಮಿನ ಸರಾಸರಿ 60 ಪಟ್ಟು, ಇಲ್ಲಿ ಮೂರೇ ರೀಡ್. ಗುಲ್ಮದ ಆರ್‌ಎನ್‌ಎ ಜೋಡಿಸಿದಾಗ ಒಂದು ತುಂಡು ಬಂತು, ಎರಡನೇ ಎಕ್ಸಾನ್‌ನ ಅರ್ಧದಿಂದ ಕೊನೆವರೆಗೆ. ಜಿಸಿ ಶೇಕಡಾ 74. ಮನುಷ್ಯನದಕ್ಕೆ ಹೋಲಿಕೆ 34, ಮೊಸಳೆಗೆ 51, ಅಂದ್ರೆ ಟ್ಯೂಬಿಗೆ ಯಾರೂ ಸೇರಿಲ್ಲ ಅನ್ಸತ್ತೆ. ನಮ್ಮ ಅಸೆಂಬ್ಲಿಯಲ್ಲಿ ನೆರೆಯ ಐದು ಜೀನುಗಳಲ್ಲಿ ನಾಲ್ಕು ಇಲ್ಲ, ಗರಿಬರಹ ಮೇಡಂ ಹೇಳಿದಂತೆ ಇಡೀ ಬೀದಿಯೇ ಇಲ್ಲ. ಸಂಬಂಧಿ ಪ್ರಭೇದದ ಉದ್ದ ರೀಡ್ ಜೀನೋಮಿನಲ್ಲಿ ಆ ಬೀದಿ ಯಾವ ಕ್ರೋಮೋಸೋಮಿಗೂ ಸೇರಿಸದ ಒಂದು ಸಣ್ಣ ಕಾಂಟಿಗ್ ಮೇಲಿದೆ.

ಸೀನಿಯರ್‌ಗೆ ತೋರಿಸಿದೆ. ‘ಹೂಂ’ ಅಂದ್ರು. ಕರಡಿನ ಸಾಲು ತೆಗೆದು ‘ಚಿಕ್ಕ ರೀಡ್‌ಗಳ ಅಸೆಂಬ್ಲಿಯಲ್ಲಿ ಪತ್ತೆಯಾಗುವುದಿಲ್ಲ’ ಅಂತ ಬರೆದಿದೀನಿ.

ಗರಿಬರಹ
ಶಹಬ್ಬಾಸ್! ಆ ‘ಹೂಂ’ ಅನ್ನ ಫ್ರೇಮ್ ಹಾಕಿಸಿಡು.

ಎಳೆಬಿಸಿಲು
ಮೊದಲ ಎಕ್ಸಾನ್ ಇನ್ನೂ ಸಿಕ್ಕಿಲ್ಲ ಮೇಡಂ. ಸಂಬಂಧಿ ಪ್ರಭೇದದ್ದು ನೋಡಿ ಪ್ರೈಮರ್ ಮಾಡಿ ಪಿಸಿಆರ್ ಹಾಕಿದೆ, ಜೆಲ್ ಖಾಲಿ. ಪಿಪೆಟ್‌ರಾಯರೇ, ಇದ್ದೀರಾ?

ಪಿಪೆಟ್‌ರಾಯ
ಅದೀನಿ, ಎಲ್ಲಿ ಹೋಗ್ಲಿ. ಬೀಟೈನ್ 1 ಮೋಲಾರ್ ಹಾಕ್ರಿ, ಡಿಎಂಎಸ್‌ಒ ಶೇಕಡಾ 5. ಡಿಎಂಎಸ್‌ಒ ಹಾಕಿದ್ರ ಪ್ರೈಮರ್ ಕೂಡೋ ತಾಪಮಾನ ಒಂದೆರಡು ಡಿಗ್ರಿ ಇಳಿಸ್ರಿ. ಅದಕ್ಕೂ ಬಗ್ಗಲಿಲ್ಲಂದ್ರ ಡಿಜಿಟಿಪಿ (ಜಿ ಅಕ್ಷರದ ಕಚ್ಚಾ ಮಾಲು) ಒಂದಿಷ್ಟು ತಗದು 7-ಡಿಯಾಜಾ-ಡಿಜಿಟಿಪಿ ಕೊಡ್ರಿ, ಜಿ ಗಂಟು ಸಡಿಲಾಗ್ತದ. ಬಿಚ್ಚೋ ತಾಪಮಾನ 98 ಇರ್ಲಿ. ತುಂಡು ಸಣ್ಣದಿರ್ಲಿ, 200 ಬೇಸ್ ಒಳಗ.

ಜೆಲ್ ಫೋಟೋ ಹಾಕ್ರಿ, ಖಾಲಿ ಇದ್ರೂ ಹಾಕ್ರಿ. ನಂದ ಮೂರು ತಿಂಗಳದ್ದು ಅವಾವ, ಜೋಡಿ ಇಟ್ಟು ನೋಡೂಣು.